ಕುಂಬಾರ್ತಿಯ ಗೂಡಿನ ಮಣ್ಣು

ಮಗಳ ಫೋನು ಬಂದಾಗ ನಾನು ಮೆಲ್ಕಾರಿನಲ್ಲಿ ಬಂಗುಡೆ ಕೊಳ್ಳುತ್ತಿದ್ದೆ. ಅಷ್ಟು ಬೆಳಿಗ್ಗೆ ಅವಳು ಫೋನು ಮಾಡುವವಳಲ್ಲ. ಮಾಡಿದರೂ ತಾಯಿಗೆ ಮಾಡುವವಳು. ಮೀನಿನ ತೊಟ್ಟೆಯನ್ನು ಎಡಗೈಗೆ ಬದಲಾಯಿಸಿ ಫೋನನ್ನು ಕಿವಿಗಿಟ್ಟೆ.

“ಅಪ್ಪ, ನಿನ್ನೆ ಪೇಂಟಿನವರು ನನ್ನ ಕೋಣೆಯ ಕಿಟಕಿಯ ಮೇಲಿದ್ದ ಕುಂಬಾರ್ತಿಯ ಗೂಡು ಕೆರೆದು ತೆಗೆದರು.”

“ಒಳ್ಳೆಯದೇ ಆಯಿತಲ್ಲ. ಇಲ್ಲದಿದ್ದರೆ ಅದರ ಮೇಲೆಯೇ ಬಣ್ಣ ಹೊಡೆಯುತ್ತಿದ್ದರು.”

ಅವಳು ಮಾತಾಡಲಿಲ್ಲ. ಮೀನಿನಾಕೆ ಆಗಲೇ ಇನ್ನೊಬ್ಬರಿಗೆ ಬೂತಾಯಿ ತೂಗುತ್ತಿದ್ದಳು. ಆ ಗದ್ದಲದ ನಡುವೆ ಮಗಳ ಮೌನ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಏನು ಹೇಳಿಬಿಟ್ಟೆ ಎಂಬುದು ಆಗ ತಲೆಗೆ ಹೋಯಿತು. ಮನೆಗೂ ಹೋಗದೆ, ಹೆಂಡತಿಗೆ ದಾರಿಯಿಂದಲೇ ತಿಳಿಸಿ, ಮೀನಿನ ಸಮೇತ ಮಗಳಿರುವ ಗುರುವಾಯನಕೆರೆಯ ಬಸ್ಸು ಹತ್ತಿದೆ.

ಗೂಡಿನ ವಿಷಯ ಮೊದಲು ಹೇಳಬೇಕು. ನೂಲಿನಂಥ ಸೊಂಟದ ಒಂದು ಕಣಜ ಉಂಟು. ಕೆಸರಿನ ಉಂಡೆಯನ್ನು ಕಾಲುಗಳ ನಡುವೆ ಹಿಡಿದು ತಂದು, ಕಿಟಕಿಯ ಚೌಕಟ್ಟಿನಲ್ಲೋ ಬಾಗಿಲಿನ ಮೇಲೆಯೋ ಪ್ಲಗ್ಗಿನ ತೂತಿನಲ್ಲೋ ಸಣ್ಣ ಗುಡಾಣ ಕಟ್ಟುತ್ತದೆ. ಕಟ್ಟುವಾಗ ಸಣ್ಣಗೆ ಝೇಂಕರಿಸುತ್ತದೆ. ಒಳಗೆ ಮೊಟ್ಟೆಯಿಟ್ಟು, ಹಸಿರು ಹುಳಗಳನ್ನು ತಂದು ತುಂಬಿ, ಬಾಯಿ ಮುಚ್ಚಿ ಹೋಗುತ್ತದೆ. ಮರಿ ಆ ಹುಳಗಳನ್ನು ತಿಂದು ಬೆಳೆದು ಒಂದು ದಿನ ಮಣ್ಣು ಕೊರೆದು ಹೊರಗೆ ಬರುತ್ತದೆ. ಪುಸ್ತಕದಲ್ಲಿ ಇದಕ್ಕೆ ‘ಒಂಟಿ ಕಣಜ’ ಎನ್ನುತ್ತಾರೆ. ರಾಣಿಯಿಲ್ಲ, ಕೆಲಸದವರಿಲ್ಲ, ಸಂಸಾರದ ಗೂಡಿಲ್ಲ; ಒಬ್ಬಳೇ ಹೆಣ್ಣು ಎಲ್ಲವನ್ನೂ ಮಾಡುತ್ತಾಳೆ ಎಂದು ಆ ಹೆಸರು. ಪ್ರಾಣಿಶಾಸ್ತ್ರ ಓದಿ ವರ್ಷಗಟ್ಟಲೆ ಕಾಲೇಜಿನಲ್ಲಿ ಪಾಠ ಮಾಡಿದ ನಾನು ಆ ಹೆಸರನ್ನೇ ಬೋರ್ಡಿನಲ್ಲಿ ಬರೆಯುತ್ತಿದ್ದೆ. ಮಕ್ಕಳಿಗೆ ಅದು ಒಗ್ಗುತ್ತಿರಲಿಲ್ಲ. ನಮ್ಮ ಕಡೆ ಕಣಜ ಎಂದರೆ ಗುಂಪಾಗಿ ಬಂದು ಚುಚ್ಚುವಂಥದ್ದು, ಕಂಡರೆ ಓಡಬೇಕಾದದ್ದು. ಮನೆಯೊಳಗೆ ಬಂದು ತನ್ನಷ್ಟಕ್ಕೆ ಕೆಲಸ ಮಾಡಿ ಹೋಗುವ ಇದನ್ನು ಜನ ಕುಂಬಾರ ಹುಳ ಎನ್ನುತ್ತಾರೆ. ನನ್ನ ಅಜ್ಜಿ ಮಾತ್ರ ಕುಂಬಾರ್ತಿ ಎನ್ನುತ್ತಿದ್ದರು. ಆ ಮಾತು ಅಮ್ಮನಿಗೆ ಬಂತು, ನನ್ನ ಬಾಯಿಯಿಂದ ಮಗಳಿಗೂ ಹೋಯಿತು.

ಬಸುರಿ ಇರುವ ಮನೆಯಲ್ಲಿ ಅದು ಗೂಡು ಕಟ್ಟಿದರೆ ಹೆರಿಗೆ ಸುಸೂತ್ರ. ಆ ಗೂಡನ್ನು ಯಾರೂ ಮುಟ್ಟಬಾರದು. ಇದು ನಮ್ಮಲ್ಲಿ ಅನೇಕರ ನಂಬಿಕೆ. ಮಗಳಿಗೆ ಎರಡು ವರ್ಷದ ಹಿಂದೆ ನಾಲ್ಕನೇ ತಿಂಗಳಿಗೆ ಬಸಿರು ಇಳಿದುಹೋಗಿತ್ತು. ಈ ಸಲ ಮೂರನೇ ತಿಂಗಳಲ್ಲಿ ಅವಳ ಕಿಟಕಿಯ ಮೇಲೆ ಕಣಜ ಬಂದು ಕಟ್ಟತೊಡಗಿದಾಗ ಅವಳ ಅತ್ತೆ ನೋಡಿ, “ಇನ್ನು ಹೆದರಿಕೆ ಇಲ್ಲ” ಎಂದಿದ್ದರಂತೆ. ಅಳಿಯ ಗಲ್ಫಿನಲ್ಲಿದ್ದಾನೆ. ಮನೆಯಲ್ಲಿ ಇವರಿಬ್ಬರೇ. ನಾಲ್ಕನೇ ತಿಂಗಳು ದಾಟಿತು, ಐದು ದಾಟಿತು. ಏಳನೆಯದಕ್ಕೆ ಬಯಕೆಯ ಊಟ, ನೆಂಟರು ಬರುತ್ತಾರೆ ಎಂದು ಮನೆಗೆ ಬಣ್ಣ ಹೊಡೆಸಲು ಹೊರಟದ್ದು. ಪೇಂಟಿನವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಗೋಡೆ ಕೆರೆಯುವುದು ಅವನ ಕೆಲಸ, ಕೆರೆದ.

ನಾನು ತಲುಪಿದಾಗ ಗೂಡು ಊಟದ ಮೇಜಿನ ಮೇಲೆ ಪೇಪರಿನಲ್ಲಿತ್ತು. ಅಂಗೈ ಅಗಲದ ಹೆಂಟೆ. ನಾಲ್ಕು ಕೋಣೆಗಳಲ್ಲಿ ಮೂರಕ್ಕೆ ಗುಂಡಗಿನ ತೂತು. ಹಳೆಯವು, ಮರಿಗಳು ಹೊರಗೆ ಹೋಗಿವೆ. ನಾಲ್ಕನೆಯದರ ಮಣ್ಣಿನ ಬಣ್ಣ ಸ್ವಲ್ಪ ಬೇರೆ. ಆಮೇಲೆ ಸೇರಿಸಿದ್ದು. ಅದರ ಬಾಯಿ ಮುಚ್ಚಿಯೇ ಇತ್ತು.

ಮಗಳ ಅತ್ತೆ ನನಗೆ ಚಹಾ ಕೊಟ್ಟರು, ಮೀನನ್ನು ಒಳಗೆ ತೆಗೆದುಕೊಂಡು ಹೋದರು. ಗೂಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಏನಾದರೂ ಹೇಳಿದ್ದರೆ ವಾದ ಮಾಡಬಹುದಿತ್ತು.

ನಾನು ನನಗೆ ಗೊತ್ತಿರುವುದನ್ನು ಮಾಡಿದೆ. ಪಾಠ ಶುರುಮಾಡಿದೆ. ಕಣಜಕ್ಕೆ ಬೇಕಾದದ್ದು ಒಣ ಜಾಗ, ಹತ್ತಿರದಲ್ಲಿ ಕೆಸರು, ಹುಳ ಸಿಗುವ ಗಿಡ. ಮನೆಯಲ್ಲಿ ಯಾರು ಬಸುರಿ ಎಂದು ನೋಡಿಕೊಂಡು ಅದು ಬರುವುದಿಲ್ಲ ಎಂದೆ.

“ಅಪ್ಪ, ನನಗೆ ಗೊತ್ತುಂಟು,” ಎಂದಳು. “ನಾನು ಸಣ್ಣವಳಿರುವಾಗ ಅಮ್ಮ ಹೇಳಿದ್ದರು, ಅದು ಹುಳದ ಕಿವಿಯಲ್ಲಿ ಗುಂಯ್ ಅಂತ ಹಾಡಿ ಹಾಡಿ ಹುಳವನ್ನೇ ಕಣಜ ಮಾಡುತ್ತದೆ ಅಂತ. ನೀವು ಊಟಕ್ಕೆ ಕೂತಲ್ಲಿ, ಇಲ್ಲ ಮಗಾ, ಮರಿ ಆ ಹುಳವನ್ನು ಜೀವಂತ ತಿನ್ನುತ್ತದೆ ಅಂದಿರಿ. ನಾನು ಊಟ ಬಿಟ್ಟೆ. ನಿಮ್ಮ ನಿಜ ಯಾವಾಗಲೂ ಊಟದ ಹೊತ್ತಿಗೇ ಬರುವುದು.”

“ಹಾಗಾದರೆ ಎಂತಕ್ಕೆ ಹೆದರುವುದು?”

“ನಾನು ನಂಬುವುದಿಲ್ಲ ಅಪ್ಪ. ಹೋದ ಸಲವೂ ನಂಬಿರಲಿಲ್ಲ. ಆಗ ಎಂತ ಉಪಕಾರ ಆಯಿತು?”

ಅವಳು ರಾತ್ರಿ ನಿದ್ದೆ ಮಾಡಿರಲಿಲ್ಲ ಎಂಬುದು ಕಣ್ಣಿನಲ್ಲಿ ಕಾಣುತ್ತಿತ್ತು. ಮಧ್ಯಾಹ್ನ ಅವಳ ಅತ್ತೆ ಬಂಗುಡೆಯ ಪುಳಿಮುಂಚಿ ಮಾಡಿ ಬಡಿಸಿದರು. ಅದು ಅವಳಿಗೆ ಜೀವ. ಅವಳು ಅನ್ನವನ್ನು ಬೆರಳಿನಲ್ಲಿ ಆಚೀಚೆ ಮಾಡಿ ಎದ್ದಳು.

ಆಗ ನನ್ನ ಬಾಯಿಂದ ಒಂದು ಮಾತು ಬಂತು: “ನನ್ನ ಅಜ್ಜಿಯೇ ಇಂಥ ಗೂಡು ತೆಗೆದು ಪುಡಿ ಮಾಡಿದ್ದರು. ನನ್ನ ಅಮ್ಮ ಬಸುರಿ ಇರುವಾಗಲೇ.”

ಅವಳು ತಿರುಗಿ ನೋಡಿದಳು. ನಾನು ಹೇಳುತ್ತಾ ಹೋದೆ. ನನಗೆ ಆರೋ ಏಳೋ ವರ್ಷ. ಕೆನ್ನೆ ಊದಿ ಕೆಪ್ಪಟೆರಾಯ ಬಂದಿತ್ತು. ಅಜ್ಜಿ ಕುಂಬಾರ್ತಿಯ ಮಣ್ಣನ್ನು ನೀರಿನಲ್ಲಿ ಕಲಸಿ ನನ್ನ ಕೆನ್ನೆಗೆ ಹಚ್ಚಿದರು. ತಂಪು, ಮೊದಲ ಮಳೆಯ ವಾಸನೆ. ಬಾಗಿಲಿಗೆ ಒರಗಿ ಅಮ್ಮ ನಿಂತಿದ್ದಳು, ದೊಡ್ಡ ಹೊಟ್ಟೆ, ಹೊಟ್ಟೆಯಲ್ಲಿ ನನ್ನ ತಂಗಿ.

“ನಿಜವಾ?” ಎಂದಳು ಮಗಳು. “ನನ್ನ ಸಮಾಧಾನಕ್ಕೆ ಹೇಳುವುದಲ್ಲವಲ್ಲ?”

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಹೇಳುತ್ತಿದ್ದಂತೆಯೇ ನನಗೆ ಅನುಮಾನ ಹುಟ್ಟಿತ್ತು. ಕೆಪ್ಪಟೆರಾಯ ಬಂದದ್ದು ನಾವು ಅಜ್ಜಿಯ ಮನೆ ಬಿಟ್ಟು ಬಂಟ್ವಾಳಕ್ಕೆ ಬಂದ ಮೇಲೆ ಅಲ್ಲವೇ? ಶಾಲೆಯಲ್ಲಿ ಮಕ್ಕಳು ನನ್ನ ಮುಖ ನೋಡಿ ನಕ್ಕದ್ದು ನೆನಪುಂಟು. ಹಾಗಾದರೆ ಆಗ ತಂಗಿ ನಡೆಯುತ್ತಿದ್ದಳು. ಅಮ್ಮ ಬಾಗಿಲಲ್ಲಿ ನಿಂತದ್ದು ಬೇರೆ ಯಾವುದೋ ದಿನ ಇರಬಹುದು. ಎರಡು ಚಿತ್ರಗಳನ್ನು ಅಂಟಿಸಿ, ಈ ಹೊತ್ತಿಗೆ ಬೇಕಾದ ಹಾಗೆ ನಾನೇ ಒಂದು ಮಾಡಿಕೊಂಡಿದ್ದೇನೋ ಏನೋ. ಇತ್ತೀಚೆಗೆ ನನ್ನ ನೆನಪು ಹಾಗೆ ಮಾಡುವುದನ್ನು ಒಂದೆರಡು ಸಲ ಕಂಡಿದ್ದೇನೆ.

“ಖಂಡಿತ ಹೇಳಲಾರೆ,” ಎಂದೆ.

“ಹಾಗಾದರೆ ಹೇಳಬಾರದಿತ್ತು ಅಪ್ಪ.” ಅವಳು ಸಿಟ್ಟು ಮಾಡಲಿಲ್ಲ. ಕೋಣೆಗೆ ಹೋಗಿ ಮಲಗಿದಳು.

ಯಾರನ್ನು ಕೇಳುವುದು? ಅಜ್ಜಿ, ಅಮ್ಮ, ಅಣ್ಣ ಯಾರೂ ಈಗ ಇಲ್ಲ. ತಂಗಿಯನ್ನು ಕೇಳುವಂತಿಲ್ಲ, ಅವಳು ಆಗ ಹೊಟ್ಟೆಯಲ್ಲಿದ್ದಳೋ ಇಲ್ಲವೋ ಎಂಬುದೇ ಪ್ರಶ್ನೆ. ಉಳಿದವರು ಒಬ್ಬರೇ, ಅಮ್ಮನ ತಂಗಿ, ಮೂಡುಬಿದಿರೆಯಲ್ಲಿರುವ ಚಿಕ್ಕಮ್ಮ. ಆ ಕಾಲದಲ್ಲಿ ಅವರಿಗೆ ಮದುವೆಯಾಗಿರಲಿಲ್ಲ, ಅಜ್ಜಿಯ ಜೊತೆಗೇ ಇದ್ದರು. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಅವರಿಗೆ ಕಿವಿ ಮಂದ, ಜೊತೆಗೆ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಗೂಡನ್ನು ಪೇಪರಿನ ಸಮೇತ ಚೀಲದಲ್ಲಿಟ್ಟುಕೊಂಡೆ. ಮಗಳ ಅತ್ತೆ ಬಾಗಿಲವರೆಗೆ ಬಂದು ಮೊದಲ ಸಲ ಗೂಡಿನ ಮಾತೆತ್ತಿದರು: “ಜಾಗ್ರತೆ. ಒಂದು ಮುಚ್ಚಿ ಉಂಟು ಅದರಲ್ಲಿ.”

ವೇಣೂರಿನ ಮೇಲೆ ಹೋಗುವ ಬಸ್ಸು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ತಿರುವಿನಲ್ಲೆಲ್ಲ ಅದರ ಮೇಲೆ ಕೈಯಿಟ್ಟು ಕೂತಿದ್ದೆ. ಪಕ್ಕದವರು, “ಮೊಟ್ಟೆಯಾ?” ಎಂದು ಕೇಳಿದರು. ಹೌದು ಎಂದೆ. ಅದು ಸುಳ್ಳೂ ಅಲ್ಲ. ನನಗೆ ಬೇಕಾದದ್ದು ಬಹಳ ಸಣ್ಣದು: ಒಂದು ಮನೆಯಲ್ಲಿ, ಒಬ್ಬಳು ಬಸುರಿಯ ಎದುರಿನಲ್ಲಿ, ಒಂದು ಗೂಡು ಒಡೆದು ಏನೂ ಆಗಲಿಲ್ಲ ಎಂಬ ಸಾಕ್ಷಿ. ವಿಜ್ಞಾನದ ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲ. ಒಂದು ಉದಾಹರಣೆ ಏನನ್ನೂ ಸಾಬೀತು ಮಾಡುವುದಿಲ್ಲ ಎಂದು ನಾನೇ ಎಷ್ಟು ಜನರಿಗೆ ಹೇಳಿಲ್ಲ. ಆದರೂ ಚಿಕ್ಕಮ್ಮ ಇಲ್ಲ ಎಂದರೆ ಏನು ಮಾಡುವುದು ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ಚಿಕ್ಕಮ್ಮನ ಮನೆ ಬಸದಿಯ ಹಿಂದಿನ ಓಣಿಯಲ್ಲಿ. ಮಗ ಅಂಗಡಿಗೆ, ಸೊಸೆ ಶಾಲೆಗೆ ಹೋಗಿದ್ದರು. ಚಿಕ್ಕಮ್ಮ ಜಗಲಿಯಲ್ಲಿ ಒಂದು ಕಾಲು ನೀಡಿ ಕೂತು, ಗೆರಸೆಯಲ್ಲಿ ಹುರುಳಿಯ ಕಲ್ಲು ಹೆಕ್ಕುತ್ತಿದ್ದರು. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುವಾಗ ಅವರ ಮಾತಿನ ಮೊನೆ ಸ್ವಲ್ಪ ಮೊಂಡಾಗಿರಬಹುದು.

“ಎಂತ ಮಾರಾಯ, ದಾರಿ ತಪ್ಪಿತಾ? ಮದುವೆ ಇಲ್ಲ, ಸತ್ತವರ ಬೊಜ್ಜ ಇಲ್ಲ, ನೀನು ಬಂದಿದ್ದಿ.”

“ಒಂದು ವಿಷಯ ಕೇಳಬೇಕಿತ್ತು ಚಿಕ್ಕಮ್ಮ.”

“ಕೇಳು. ನನಗೆ ಗೊತ್ತಿದ್ದರೆ ಹೇಳ್ತೇನೆ, ಗೊತ್ತಿಲ್ಲದಿದ್ದರೂ ಹೇಳ್ತೇನೆ.”

ಯಾಕೆ ಕೇಳುತ್ತಿದ್ದೇನೆ ಎಂದು ಮೊದಲೇ ಹೇಳದೆ, ಉತ್ತರವನ್ನು ಬಾಯಿಗೆ ಇಡದೆ ಕೇಳಬೇಕು ಎಂದು ಬಸ್ಸಿನಲ್ಲಿ ನಿಶ್ಚಯಿಸಿದ್ದೆ. “ನನಗೆ ಕೆಪ್ಪಟೆರಾಯ ಬಂದಾಗ ಅಜ್ಜಿ ಏನು ಹಚ್ಚಿದ್ದು?” ಎಂದೆ.

ಅವರು ಗೆರಸೆ ಕೆಳಗಿಟ್ಟರು.

“ನಿನಗೆಲ್ಲಿ ಬಂದಿತ್ತು? ಬಂದದ್ದು ನಿನ್ನ ಅಣ್ಣನಿಗೆ. ನಿನಗೆ ಆಮೇಲೆ ಬಂಟ್ವಾಳದಲ್ಲಿ ಬಂದದ್ದು, ಅಲ್ಲಿ ಡಾಕ್ಟರ ಮದ್ದು.”

“ಹಾಗಾದರೆ ನನ್ನ ಕೆನ್ನೆಗೆ ಮಣ್ಣು ಹಚ್ಚಿದ್ದು?”

“ಹಚ್ಚಿದ್ದು ಹೌದಲ್ಲ. ಅಣ್ಣನಿಗೆ ಹಚ್ಚುವುದು ನೋಡಿ ನನಗೂ ಬೇಕು ಅಂತ ಅಂಗಳದಲ್ಲಿ ಹೊರಳಿ ಕೂಗಿದ್ದು ಯಾರು? ನಾನಾ? ನಿನ್ನ ಬೊಬ್ಬೆ ತಡೆಯಲಿಕ್ಕಾಗದೆ ನಮ್ಮ ಅಮ್ಮ ಉಳಿದ ಮಣ್ಣು ನಿನ್ನ ಮುಖಕ್ಕೆಲ್ಲ ಮೆತ್ತಿದರು. ಎಷ್ಟು ಚಂದ ಕಂಡಿ ಅಂದರೆ, ನಿನ್ನ ಅಮ್ಮ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡಳು. ಅವಳಿಗೆ ನಗಲಿಕ್ಕೆ ಆಗ್ತಿರಲಿಲ್ಲ ಪಾಪ, ತಿಂಗಳು ತುಂಬಿತ್ತು.”

“ತಂಗಿಯಾ?”

“ಮತ್ತೆ ನೀನಾ? ಗೂಡು ಇದ್ದದ್ದೇ ನಿನ್ನ ಅಮ್ಮನ ಕೋಣೆಯ ಬಾಗಿಲಿನ ಮೇಲೆ. ಅವಳಿಗೆ ಹತ್ತಲಿಕ್ಕಾಗದು, ನಮ್ಮ ಅಮ್ಮನಿಗೆ ಕಣ್ಣು ಕಾಣದು, ನನ್ನನ್ನು ಏಣಿ ಹತ್ತಿಸಿದರು. ಹಿಡಿಸೂಡಿಯ ಕಡ್ಡಿ ಕೊಟ್ಟು ತೂತಿನಲ್ಲಿ ಹಾಕಿ ನೋಡು ಅಂದರು. ಎಲ್ಲ ಖಾಲಿ ಅಂದ ಮೇಲೆ, ತೆಗೆ ಅಂದರು. ನಾನೇ ತೆಗೆದದ್ದು, ಈ ಕೈಯಲ್ಲಿ.”

ಕೈ ಎತ್ತಿ ತೋರಿಸಿದರು. ನಾನು ಕಂಬಕ್ಕೆ ಒರಗಿದೆ. ನನ್ನ ನೆನಪು ಅರ್ಧ ಸುಳ್ಳು. ಆದರೆ ನನಗೆ ಬೇಕಾಗಿದ್ದ ಅರ್ಧ ಸುಳ್ಳಾಗಿರಲಿಲ್ಲ. ಆ ದಿನ ಅಮ್ಮನ ಹೊಟ್ಟೆಯಲ್ಲಿದ್ದ ತಂಗಿ ಈಗ ಮುಂಬಯಿಯಲ್ಲಿ ಇಡೀ ಕಟ್ಟಡಕ್ಕೆ ಬೈಯುತ್ತಾ ಸುಖವಾಗಿದ್ದಾಳೆ.

ಮಗಳ ವಿಷಯ ಆಮೇಲೆ ಹೇಳಿದೆ. ಪೇಪರು ಬಿಚ್ಚಿ ಗೂಡು ಅವರ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು, ತೂತುಗಳಲ್ಲಿ ಕಿರುಬೆರಳ ತುದಿ ಹಾಕಿದರು.

“ಇದಕ್ಕಾ ಅಳುವುದು ಅವಳು? ಇದು ಗೂಡಲ್ಲ, ಮಣ್ಣು. ಕೋಣೆ ಮುಚ್ಚಿ ಇರುವಾಗ ಮಾತ್ರ ನಮ್ಮ ಅಮ್ಮ ಕುಂಬಾರ್ತಿಯ ಗೂಡು ಅಂತ ಹೇಳುವುದು. ಅಷ್ಟು ದಿನ ಅದರ ಕೆಳಗೆ ದೊಡ್ಡ ದನಿಯಲ್ಲಿ ಜಗಳವೂ ಇಲ್ಲ. ತೂತಾದ ಮೇಲೆ ಆ ಹೆಸರೇ ಇಲ್ಲ ಅವರ ಬಾಯಲ್ಲಿ. ಬಾಗಿಲ ಮೇಲಿನ ಮಣ್ಣು ತಾ, ಅಷ್ಟೇ.”

“ಪುಸ್ತಕದಲ್ಲಿ ಇದಕ್ಕೆ ಒಂಟಿ ಕಣಜ ಎನ್ನುತ್ತಾರೆ,” ಎಂದೆ. ಯಾಕೆ ಹೇಳಿದೆನೋ ತಿಳಿಯದು. ನಿರಾಳವಾದಾಗ ನನಗೆ ಪಾಠ ಮಾಡುವ ಚಟ.

“ಒಂಟಿಯಾ? ಇಷ್ಟು ದೊಡ್ಡ ಕಾಡು ಉಂಟು. ಅದನ್ನು ಬಿಟ್ಟು ಬಸುರಿಯ ತಲೆಯ ಮೇಲೆ ಬಂದು ಕಟ್ಟುವುದು. ಅದಕ್ಕೆ ಒಂಟಿ ಅಂತ ಹೆಸರಿಟ್ಟವನು ಮನೆಯಲ್ಲಿ ಇರುವವನಲ್ಲ.”

ವಿಡಿಯೊ ಕಾಲ್ ಮಾಡಿ, ಚಿಕ್ಕಮ್ಮನಿಗೆ ಕೇಳುವಷ್ಟು ದನಿ ಜೋರು ಮಾಡಿ ಫೋನನ್ನು ಹುರುಳಿಯ ಡಬ್ಬಕ್ಕೆ ಒರಗಿಸಿದೆ. ಮಗಳು ಮಂಚದ ಮೇಲೆ ಕೂತಿದ್ದಳು, ಹಿಂದೆ ಅವಳ ಅತ್ತೆಯ ಸೆರಗು ಕಾಣುತ್ತಿತ್ತು. ಚಿಕ್ಕಮ್ಮ ಏಣಿಯ ಕಥೆಯನ್ನು ಮೊದಲಿನಿಂದ ಹೇಳಿದರು. ನಾನು ಹೊರಳಿದ ಭಾಗವನ್ನು ಎರಡು ಸಲ ಹೇಳಿದರು. ಮಗಳ ಮುಖ ಸಡಿಲವಾಗುತ್ತಾ ಬಂತು.

“ಅಜ್ಜಿ, ಅಪ್ಪ ನನ್ನ ಹತ್ತಿರ ತನಗೇ ಕಾಯಿಲೆ ಅಂದರು.”

“ಅವನಿಗೆ ಕಾಯಿಲೆ ಇತ್ತು, ಹೊಟ್ಟೆಕಿಚ್ಚಿನದ್ದು.”

ಅವಳು ನಕ್ಕಳು. ಆದರೆ ಕೂಡಲೇ ಮುಖ ಚಿಕ್ಕದಾಯಿತು. “ಆದರೆ ಅಜ್ಜಿ, ಇದರಲ್ಲಿ ಒಂದು ಮುಚ್ಚಿ ಉಂಟಲ್ಲ?”

ಇದೇ ಅವಳನ್ನು ಕೊರೆಯುತ್ತಿದ್ದ ಪ್ರಶ್ನೆ ಎಂದು ಆಗ ತಿಳಿಯಿತು. ನನಗೂ ಅದೇ. ಕೆರೆಯುವ ಹೊಡೆತಕ್ಕೆ ಒಳಗಿನದ್ದು ಸತ್ತಿರಬಹುದು, ಅಥವಾ ಮೊದಲೇ ಒಣಗಿರಬಹುದು. “ಚಿಕ್ಕಮ್ಮ, ಅದರ ಒಳಗೆ…” ಎಂದು ನಾನು ಶುರುಮಾಡಿದೆ.

“ನೀನು ಸ್ವಲ್ಪ ಸುಮ್ಮನಿರು.” ಅವರು ಆ ಕೋಣೆಯನ್ನು ಫೋನಿನ ಹತ್ತಿರ ಹಿಡಿದರು. “ಉಂಟು ಮಗಳೇ. ಅದಕ್ಕೆಂತ? ಎಲ್ಲಿಯಾದರೂ ಒಡೆದಿದೆಯಾ, ನೋಡು. ಇಲ್ಲವಲ್ಲ. ಮನೆ ಬದಲಾಯಿತು, ಅಷ್ಟೇ. ಬಯಕೆ ಆದ ಮೇಲೆ ನೀನೂ ಬಂಟ್ವಾಳಕ್ಕೆ ಅಮ್ಮನ ಮನೆಗೆ ಹೋಗುವವಳಲ್ಲವಾ? ಆಗ ನಿನ್ನನ್ನು ಯಾರಾದರೂ ಗೋಡೆಯಿಂದ ಕೆರೆದು ತೆಗೆದದ್ದು ಅಂತ ಹೇಳುತ್ತಾರಾ?”

ಫೋನಿನ ಆ ಕಡೆ ಮೊದಲು ನಕ್ಕದ್ದು ಮಗಳ ಅತ್ತೆ. ಮಗಳು ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಸಣ್ಣ ಪರದೆಯಲ್ಲಿ ತಿಳಿಯಲಿಲ್ಲ.

ಚಿಕ್ಕಮ್ಮ ಚೂರಿಯಿಂದ ಮುಚ್ಚಿದ ಕೋಣೆಯನ್ನು ಮೆಲ್ಲನೆ ಬೇರೆ ಮಾಡಿ ಕಿಟಕಿಯ ದಂಡೆಯ ಮೇಲೆ, ಮಳೆನೀರು ಬೀಳದ ಮೂಲೆಯಲ್ಲಿ ಇಟ್ಟರು. ಉಳಿದ ಹೆಂಟೆಯನ್ನು ಒಂದು ಬಟ್ಟಲಿನಲ್ಲಿ ಹಾಕಿ ನೀರು ಹೊಯ್ದರು. ಅದು ಸುಂಯ್ ಎಂದು ನೀರು ಕುಡಿದು ಕರಗಿತು. ಮೂರು ತಿಂಗಳಿಂದ ನನ್ನ ಮಗಳು ಮಲಗುವ ಮುಂಚೆ ನೋಡುತ್ತಿದ್ದ, ಕೆಳಗೆ ಬಿದ್ದಾಗ ಅವಳ ನಿದ್ದೆ ಕೆಡಿಸಿದ ವಸ್ತು ಬಟ್ಟಲಿನಲ್ಲಿ ಕೆಸರಾಗಿತ್ತು. ಚಿಕ್ಕಮ್ಮ ಸೀರೆ ಮೇಲೆತ್ತಿ, ಊದಿದ ಮೊಣಕಾಲಿಗೆ ಅದನ್ನು ನಿಧಾನವಾಗಿ ಹಚ್ಚಿಕೊಂಡರು.

“ಇದು ಸಿಗುವುದೇ ಇಲ್ಲ ಈಗ. ಎಲ್ಲ ಟೈಲ್ಸಿನ ಮನೆ,” ಎಂದರು. ಮಗಳು ನೋಡುತ್ತಲೇ ಇದ್ದಳು. ವಾಸನೆ ನನಗೆ ಮಾತ್ರ ಬಂತು, ಮೊದಲ ಮಳೆಯದ್ದು. ಅದರಿಂದ ಊತ ಇಳಿಯುತ್ತದೆ ಎಂದು ನಾನು ನಂಬುವುದಿಲ್ಲ. ತಣ್ಣನೆಯ ಯಾವ ಮಣ್ಣಾದರೂ ಅಷ್ಟೇ ಮಾಡೀತು. ಇದನ್ನು ಚಿಕ್ಕಮ್ಮನಿಗೆ ಹೇಳಿದೆ ಕೂಡ. “ಹಾಗಾದರೆ ನಿನ್ನ ಕೆನ್ನೆ ಇತ್ತ ತಾ, ಸ್ವಲ್ಪ ಉಳಿದಿದೆ,” ಎಂದರು.

ಸಿದ್ಧಕಟ್ಟೆಯ ಮೇಲೆ ಬಂಟ್ವಾಳಕ್ಕೆ ಬರುವ ಬಸ್ಸಿನಲ್ಲಿ ಚೀಲ ಖಾಲಿಯಾಗಿತ್ತು. ಆದರೂ ತಿರುವಿನಲ್ಲಿ ಕೈ ತಾನಾಗಿ ಅದರ ಮೇಲೆ ಹೋಗುತ್ತಿತ್ತು. ಮಗಳ ಅತ್ತೆ ಸಂಜೆ ನನ್ನ ಹೆಂಡತಿಗೆ ಫೋನು ಮಾಡಿ, ಮಧ್ಯಾಹ್ನದ ಸಾರಿನಲ್ಲೇ ಊಟ ಮಾಡಿ ಮಲಗಿದ್ದಾಳೆ, ಕರೆದರೂ ಏಳುವುದಿಲ್ಲ, ಎಂದರಂತೆ.

ಬಯಕೆಯ ಊಟ ಮುಗಿಯಿತು. ಮಗಳು ನಮ್ಮಲ್ಲಿಗೆ ಬರುವ ವಾರ ಒಂದು ಬೆಳಿಗ್ಗೆ ಚಿಕ್ಕಮ್ಮನ ಫೋನು.

“ತೂತಾಗಿದೆ ಮಾರಾಯ.”

ನಾನು ಎದ್ದು ನಿಂತೆ. ಇನ್ನೊಂದು ವಿಷಯ ನನಗೆ ಗೊತ್ತಿತ್ತು. ಇಂಥ ಗೂಡಿಗೆ ಕಳ್ಳತನದಿಂದ ಮೊಟ್ಟೆಯಿಡುವ, ಹಸಿರು ನೀಲಿ ಹೊಳೆಯುವ ಬೇರೊಂದು ಕಣಜ ಉಂಟು. ಅದರ ಮರಿ ಮನೆಯವಳ ಮರಿಯನ್ನು ತಿಂದು ತಾನು ಹೊರಗೆ ಬರುತ್ತದೆ. ಬಂದದ್ದು ಯಾವ ಬಣ್ಣದ್ದು ಎಂದು ಕೇಳಿದರೆ ತಿಳಿಯುತ್ತಿತ್ತು. ಚಿಕ್ಕಮ್ಮ ನೋಡಿದ್ದರೂ ಇರಬಹುದು. ಬಾಯಿಯವರೆಗೆ ಬಂತು.

“ಸಂತೋಷ ಚಿಕ್ಕಮ್ಮ,” ಎಂದಷ್ಟೇ ಹೇಳಿದೆ.

ಮಗಳಿಗೆ ಫೋನು ಮಾಡಿದರೆ ಅವಳಿಗೆ ಆಗಲೇ ಗೊತ್ತಿತ್ತು. ಚಿಕ್ಕಮ್ಮ ಮೊದಲು ಅವಳಿಗೇ ಹೇಳಿದ್ದರು.

“ಯಾವ ಕಣಜ ಅಂತ ಕೇಳಿದ್ದೀರಾ ಅಪ್ಪ?”

“ಇಲ್ಲ.”

“ನಿಜವಾಗಿಯೂ?”

“ನಿಜವಾಗಿಯೂ.”

“ಕರೆದುಕೊಂಡು ಹೋಗಲಿಕ್ಕೆ ಬರುವಾಗ ಬಂಗುಡೆ ತನ್ನಿ. ಆವತ್ತು ಎಂತ ರುಚಿ ಅಂತಲೇ ಗೊತ್ತಾಗಲಿಲ್ಲ,” ಎಂದಳು.